ಚೆದುರಿದ ಕ್ಯಾಟಲಾಗನ್ನು ಒಂದು ದಾರಿಗೆ ತರುವುದು: ದೊಡ್ಡ ವಿಶ್ವವಿದ್ಯಾಲಯ ಗ್ರಂಥಾಲಯಗಳಿಗೊಂದು ಕೈಪಿಡಿ

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಿಮ್ಮ ಗ್ರಂಥಾಲಯದ ಹುಡುಕು ಪೆಟ್ಟಿಗೆಯಲ್ಲಿ 'ಕುವೆಂಪು' ಎಂದು ಟೈಪ್ ಮಾಡಿ, ಎಷ್ಟು ಪುಸ್ತಕ ಬಂತು ಎಂದು ಬರೆದುಕೊಳ್ಳಿ. ಆಮೇಲೆ 'ಪುಟ್ಟಪ್ಪ ಕೆ.ವಿ.' ಎಂದು ಹುಡುಕಿ. ಕೊನೆಗೆ ಅದೇ ಹೆಸರನ್ನು ರೋಮನ್ ಲಿಪಿಯಲ್ಲಿ ಹುಡುಕಿ. ಮೂರೂ ಸಲ ಒಂದೇ ಪಟ್ಟಿ ಬಂದರೆ ನೀವು ಈ ಲೇಖನ ಓದಬೇಕಾಗಿಲ್ಲ. ಬೇರೆ ಬೇರೆ ಬಂದರೆ ಮುಂದೆ ಓದಿ.

ಕರ್ನಾಟಕದ ಹಳೆಯ ವಿಶ್ವವಿದ್ಯಾಲಯವೊಂದನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಚ್ಚಾದ ಪುಸ್ತಕಗಳ ವಿವರ ಕೋಹಾ, ಸೋಲ್‌ನಂಥ ಗ್ರಂಥಾಲಯ ತಂತ್ರಾಂಶದಲ್ಲಿ ಮಾರ್ಕ್ 21 ರೂಪದಲ್ಲಿದೆ, ಅಂದರೆ ಪ್ರತಿ ವಿವರಕ್ಕೂ ಟ್ಯಾಗ್ ಎಂಬ ಮೂರಂಕಿಯ ಸಂಕೇತ ಕೊಟ್ಟು ಬರೆದಿದೆ. ಪಿಎಚ್‌ಡಿ ಪ್ರಬಂಧಗಳು ಡಿಸ್ಪೇಸ್ ಎಂಬ ಡಿಜಿಟಲ್ ಭಂಡಾರದ ತಂತ್ರಾಂಶದಲ್ಲಿ, ಡಬ್ಲಿನ್ ಕೋರ್ ಎಂಬ ಸರಳ ವಿವರಣಾ ರೂಪದಲ್ಲಿವೆ. ಓಲೆಗರಿಗಳ ವಿವರ ಹಳೆಯ ಅಚ್ಚಿನ ಸೂಚಿಯಲ್ಲೂ ಯಾರದೋ ವರ್ಡ್ ಫೈಲಿನಲ್ಲೂ ಇದೆ. ಫೋಟೋಗಳ ಪಟ್ಟಿ ಎಕ್ಸೆಲ್‌ನಲ್ಲಿ. ಇ-ಜರ್ನಲ್‌ಗಳ ಪಟ್ಟಿ ಪ್ರಕಾಶಕರು ಕಳಿಸಿದ ಹಾಗೆಯೇ ಬಿದ್ದಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಒಂದೊಂದು ವಿಭಾಗವೂ ತನ್ನ ವಸ್ತುವಿಗೆ ಸರಿಹೋಗುವ ಹಾಗೆ ಬರೆದಿಟ್ಟಿದೆ.

ಇಲ್ಲಿ ದೊಡ್ಡ ಗ್ರಂಥಾಲಯಗಳು ಎಡವುವುದು ಒಂದೇ ಕಡೆ: ಎಲ್ಲವನ್ನೂ ಮಾರ್ಕ್‌ಗೆ ತುರುಕಲು ಹೊರಡುತ್ತವೆ. ಓಲೆಗರಿಯ ಸಾಲುಗಳ ಲೆಕ್ಕ, ಫೋಟೋದ ನೆಗೆಟಿವ್ ನಂಬರ್, ಪ್ರಬಂಧದ ಗೈಡ್ ಹೆಸರು ಎಲ್ಲಕ್ಕೂ ಹೇಗೋ ಒಂದು ಟ್ಯಾಗ್ ಹುಡುಕಿ ಹಾಕುವಷ್ಟರಲ್ಲಿ ಕೆಲಸ ಮಾಡುವವರು ಸುಸ್ತಾಗಿರುತ್ತಾರೆ. ಓದುಗರಿಗೆ ಅದರಿಂದ ಲಾಭವೂ ಕಡಿಮೆ. ನನ್ನ ಸಲಹೆ ಇಷ್ಟೇ: ಒಂದೊಂದು ಸಂಗ್ರಹವೂ ತನ್ನ ರೂಪದಲ್ಲೇ ಇರಲಿ. ಎಲ್ಲರೂ ಒಂದೇ ರೀತಿ ಬರೆಯಬೇಕಾದ ಕೆಲವೇ ವಿಷಯಗಳನ್ನು ಆರಿಸಿ, ಅವುಗಳ ಮೇಲೆ ಮಾತ್ರ ಬಿಗಿ ಹಿಡಿಯಿರಿ.

ಹೆಜ್ಜೆ 1: ಏನೇನಿದೆ ಎಂದು ಪಟ್ಟಿ ಮಾಡಿ

ಸಂಗ್ರಹಕ್ಕೊಂದು ಸಾಲು ಸಾಕು. ಮಾಹಿತಿ ಎಲ್ಲಿದೆ, ಯಾವ ರೂಪದಲ್ಲಿದೆ, ಯಾರು ತುಂಬುತ್ತಾರೆ, ಸುಮಾರು ಎಷ್ಟು ದಾಖಲೆಗಳಿವೆ, ಕನ್ನಡ ಯಾವ ಫಾಂಟ್‌ನಲ್ಲಿದೆ, ಗುರುತಿನ ನಂಬರ್ ಯಾವುದು. ಕೊನೆಯ ಎರಡನ್ನು ಮರೆಯಬೇಡಿ.

ಗುರುತಿನ ನಂಬರ್ ವಿಷಯದಲ್ಲಿ, ಪುಸ್ತಕ ಬಂದಾಗ ರಿಜಿಸ್ಟರಿನಲ್ಲಿ ಕೊಡುವ ಅಕ್ಸೆಶನ್ ನಂಬರನ್ನು ನಂಬಿ ಕೂರುವ ಹಾಗಿಲ್ಲ. ವಿಭಾಗದ ಗ್ರಂಥಾಲಯಗಳಿಗೆ, ಸ್ನಾತಕೋತ್ತರ ಕೇಂದ್ರಗಳಿಗೆ ಅವರವರದೇ ರಿಜಿಸ್ಟರ್ ಇರುತ್ತದೆ. ಹಾಗಾಗಿ 1023 ಎಂಬ ನಂಬರಿನ ಪುಸ್ತಕ ನಾಲ್ಕು ಕಡೆ ಇರಬಹುದು. ಪ್ರತಿ ಸಂಗ್ರಹಕ್ಕೂ ಎರಡು ಮೂರು ಅಕ್ಷರದ ಸಂಕೇತ ಕೊಟ್ಟು ನಂಬರಿನ ಮುಂದೆ ಸೇರಿಸಿ. ಹಳೆಯ ನಂಬರನ್ನು ಅಳಿಸಬೇಡಿ. ಪುಸ್ತಕದಲ್ಲೂ ರಿಜಿಸ್ಟರಿನಲ್ಲೂ ಇರುವುದು ಅದೇ, ಸ್ಟಾಕ್ ವೆರಿಫಿಕೇಶನ್ ದಿನ ಬೇಕಾಗುವುದೂ ಅದೇ.

ಪುಸ್ತಕದ ಅಂತರರಾಷ್ಟ್ರೀಯ ಗುರುತಿನ ನಂಬರಾದ ಐಎಸ್‌ಬಿಎನ್ ಇದೆಯಲ್ಲ ಎನ್ನಬಹುದು. ಹಳೆಯ ಕನ್ನಡ ಪುಸ್ತಕಗಳಿಗೆ ಅದು ಇರುವುದಿಲ್ಲ. 2007ಕ್ಕೆ ಮುಂಚಿನ ಪುಸ್ತಕಗಳಲ್ಲಿ 10 ಅಂಕಿಯದಿರುತ್ತದೆ. ಈಗಿನ 13 ಅಂಕಿಯದಾಗಿಸಲು ಅದಕ್ಕೆ 978 ಸೇರಿಸಿದರೆ ಕೊನೆಯ ಅಂಕಿಯನ್ನೂ ಹೊಸದಾಗಿ ಲೆಕ್ಕ ಹಾಕಬೇಕು, ಸುಮ್ನೆ ಮುಂದೆ ಅಂಟಿಸಿದರೆ ಆಗದು. ಒಂದೇ ಐಎಸ್‌ಬಿಎನ್‌ಅನ್ನು ಎರಡು ಮೂರು ಪುಸ್ತಕಗಳಿಗೆ ಹಾಕಿದ ಪ್ರಕಾಶಕರೂ ಇದ್ದಾರೆ.

ಪಟ್ಟಿ ಆದ ಮೇಲೆ ಎಲ್ಲ ಸಂಗ್ರಹಗಳ ಪೂರ್ತಿ ಎಕ್ಸ್‌ಪೋರ್ಟ್ ತೆಗೆದು, ದಿನಾಂಕ ಬರೆದು, ಯಾರೂ ತಿದ್ದಲಾಗದ ಹಾಗೆ ಒಂದು ಕಡೆ ಇಡಿ. ಮುಂದಿನ ಕೆಲಸವೆಲ್ಲ ಪ್ರತಿಯ ಮೇಲೆ.

ಹೆಜ್ಜೆ 2: ಎಲ್ಲರಿಗೂ ಸಾಮಾನ್ಯವಾದ ಎಂಟು ವಿಷಯ

ಗುರುತಿನ ನಂಬರ್, ಶೀರ್ಷಿಕೆ, ಕರ್ತೃ ಮತ್ತು ಅವರ ಪಾತ್ರ, ವರ್ಷ, ಭಾಷೆ, ಲಿಪಿ, ವಸ್ತುವಿನ ಬಗೆ, ಈಗ ಎಲ್ಲಿದೆ. ಇಷ್ಟು ಎಲ್ಲ ಸಂಗ್ರಹಗಳಲ್ಲೂ ಇರಬೇಕು, ಒಂದೇ ನಿಯಮದ ಪ್ರಕಾರ ಇರಬೇಕು. ಉಳಿದದ್ದೆಲ್ಲ ಆಯಾ ಸಂಗ್ರಹದ ಸ್ವಂತ ವಿಚಾರ.

ವಿಷಯ ಶೀರ್ಷಿಕೆಯನ್ನು, ಅಂದರೆ ಪುಸ್ತಕ ಯಾವುದರ ಬಗ್ಗೆ ಎಂದು ಹೇಳುವ ಪದಗಳನ್ನು, ಬೇಕೆಂದೇ ಬಿಟ್ಟಿದ್ದೇನೆ. ಪುಸ್ತಕಗಳಿಗೆ ಒಂದು ಪಟ್ಟಿಯಿಂದ, ಪ್ರಬಂಧಗಳಿಗೆ ವಿದ್ಯಾರ್ಥಿ ಕೊಟ್ಟ ಕೀವರ್ಡ್‌ನಿಂದ, ಓಲೆಗರಿಗೆ ಪಂಡಿತರು ಇಟ್ಟ ವರ್ಗದಿಂದ ವಿಷಯ ಬಂದಿರುತ್ತದೆ. ಅವನ್ನೆಲ್ಲ ಮೊದಲ ವರ್ಷವೇ ಒಂದು ಮಾಡಲು ಹೋದರೆ ಬೇರೆ ಕೆಲಸ ನಡೆಯುವುದಿಲ್ಲ. ಇದ್ದದ್ದು ಇದ್ದ ಹಾಗೇ ಇರಲಿ. ಒಂದು ವಿಷಯಕ್ಕೆ ಮಾತ್ರ ಕಾಯಬೇಡಿ: ಹಳೆಯ ಪಟ್ಟಿಗಳಲ್ಲಿ ಸಮುದಾಯಗಳನ್ನು ಹೀನಾಯವಾಗಿ ಕರೆದ ಪದಗಳಿದ್ದರೆ, ಇಂದು ಆ ಸಮುದಾಯದವರೇ ಬಳಸುವ ಹೆಸರು ಸೇರಿಸಿ, ಅದೇ ಮೊದಲು ಕಾಣುವಂತೆ ಮಾಡಿ.

ಈ ಎಂಟೂ ಯಾವ ಸಂಗ್ರಹದಲ್ಲಿ ಎಲ್ಲಿ ಸಿಗುತ್ತವೆ ಎಂದು ಒಂದು ಕೋಷ್ಟಕ ಮಾಡಿ. ಮಾರ್ಕ್‌ನಲ್ಲಿ ಶೀರ್ಷಿಕೆ 245 ಟ್ಯಾಗ್, ಮುಖ್ಯ ಕರ್ತೃ 100, ಜೊತೆಯವರು 700. ಡಬ್ಲಿನ್ ಕೋರ್‌ನಲ್ಲಿ ಇರುವುದೇ 15 ಅಂಶ. ಮಾರ್ಕ್‌ನಿಂದ ಅಲ್ಲಿಗೆ ಇಳಿಸುವಾಗ ಮೊದಲು ಕಳೆದುಹೋಗುವುದು ಪಾತ್ರ. ನಮ್ಮಲ್ಲಿ ಇದು ಸಣ್ಣ ನಷ್ಟವಲ್ಲ. ಒಂದು ಹಳಗನ್ನಡ ಕಾವ್ಯಕ್ಕೆ ಕವಿ ಒಬ್ಬರು, ಸಂಪಾದಕರು ಒಬ್ಬರು, ಗದ್ಯಾನುವಾದ ಮಾಡಿದವರು ಇನ್ನೊಬ್ಬರು. ಮೂವರೂ 'ಕರ್ತೃ' ಎಂದು ಒಂದೇ ಸಾಲಿನಲ್ಲಿ ನಿಂತರೆ ಹತ್ತನೇ ಶತಮಾನದ ಕವಿಯ ಪಕ್ಕದಲ್ಲಿ ಇಪ್ಪತ್ತನೇ ಶತಮಾನದ ಮೇಷ್ಟ್ರು ಸಹಕವಿಯಾಗಿಬಿಡುತ್ತಾರೆ. ಆದ್ದರಿಂದ 700ರಲ್ಲಿ ಹೆಸರಿನ ಜೊತೆ ಸಂಪಾದಕ, ಅನುವಾದಕ ಎಂಬ ಪಾತ್ರದ ಸಂಕೇತ ಕಡ್ಡಾಯ ಮಾಡಿ.

ಹೆಜ್ಜೆ 3: ಕನ್ನಡ ಅಕ್ಷರಗಳನ್ನು ಸರಿಮಾಡಿ

ಹೆಚ್ಚು ಸಮಯ ಕೊಡಬೇಕಾದದ್ದು ಇಲ್ಲಿ. ಹುಡುಕಿದರೆ ಸಿಗುತ್ತಿಲ್ಲ ಎಂಬ ದೂರುಗಳ ಬೇರು ಜಾಸ್ತಿ ಇರುವುದೂ ಇಲ್ಲೇ.

ಮೊದಲನೆಯದು ಹಳೆಯ ಫಾಂಟ್. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಅಕ್ಷರ ಸಂಕೇತಗಳಿಗೆ ಮುಂಚಿನ ನುಡಿ, ಬರಹ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಪಟ್ಟಿಗಳು ಒಳಗೆ ಕನ್ನಡವೇ ಅಲ್ಲ, ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಾಲು. ಪರಿವರ್ತಕಗಳು ಸಿಗುತ್ತವೆ. ಆದರೆ ಒತ್ತಕ್ಷರ, ಅರ್ಕಾವತ್ತು ಬಂದ ಕಡೆ ಎಡವುತ್ತವೆ. ಒಂದೇ ಸಾಲಿನಲ್ಲಿ ಇಂಗ್ಲಿಷ್ ಪದವೂ ಇದ್ದರೆ ಅದನ್ನೂ ಕನ್ನಡ ಎಂದುಕೊಂಡು ಕೆಡಿಸುತ್ತವೆ. ಪರಿವರ್ತನೆ ಆದ ಮೇಲೆ ಅರ್ಕಾವತ್ತು ಇರುವ ಶೀರ್ಷಿಕೆಗಳನ್ನಷ್ಟೇ ಸೋಸಿ ಕಣ್ಣಾಡಿಸಿ. ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ.

ಎರಡನೆಯದು ಸೊನ್ನೆ. ಅನುಸ್ವಾರ ಒತ್ತುವ ಬದಲು ಕನ್ನಡದ ಅಂಕಿ ಸೊನ್ನೆ ಒತ್ತಿದವರು ಎಲ್ಲ ಕಡೆ ಇದ್ದಾರೆ. 'ಪಂಪ' ಮತ್ತು 'ಪ೦ಪ' ಕಣ್ಣಿಗೆ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಇದನ್ನು ಪಟ್ಟಿಗಳನ್ನು ಶುಚಿ ಮಾಡುವ ಓಪನ್‌ರಿಫೈನ್ ತಂತ್ರಾಂಶದಲ್ಲಿ ಒಂದೇ ಆದೇಶದಿಂದ ಬದಲಿಸಬಹುದು. ಆದರೆ ತಡೆಯಿರಿ: ಎಲ್ಲ ಸೊನ್ನೆಯನ್ನೂ ಅನುಸ್ವಾರ ಮಾಡಿದರೆ ೧೯೩೦ ಎಂಬ ವರ್ಷದ ಕೊನೆಯ ಸೊನ್ನೆಯೂ ಅನುಸ್ವಾರವಾಗುತ್ತದೆ. ನಿಯಮ ಹೀಗಿರಲಿ: ಸೊನ್ನೆಗಿಂತ ಮೊದಲು ಅಂಕಿ ಇದ್ದರೆ ಮುಟ್ಟಬೇಡ, ಕನ್ನಡದ ಅಕ್ಷರವೋ ಸ್ವರಚಿಹ್ನೆಯೋ ಇದ್ದರೆ ಬದಲಿಸು. ಅನುಸ್ವಾರದ ಜಾಗದಲ್ಲಿ ಇಂಗ್ಲಿಷ್ ಸೊನ್ನೆಯನ್ನೋ ಇಂಗ್ಲಿಷಿನ 'ಓ' ಅಕ್ಷರವನ್ನೋ ಒತ್ತಿದ ಉದಾಹರಣೆಗಳೂ ಸಿಗುತ್ತವೆ. ಅವಕ್ಕೂ ಇದೇ ನಿಯಮ.

ಮೂರನೆಯದು ಸ್ವರಚಿಹ್ನೆ. 'ಕೊಡಗು' ಪದದ ಮೊದಲ ಅಕ್ಷರವನ್ನು ಯೂನಿಕೋಡ್‌ನಲ್ಲಿ ಎರಡು ರೀತಿ ಬರೆಯಬಹುದು. ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಎತ್ವ ಮತ್ತು ಊತ್ವದ ಕೊಂಬನ್ನು ಒಂದಾದ ಮೇಲೊಂದು ಇಡಬಹುದು. ತೆರೆಯ ಮೇಲೆ ವ್ಯತ್ಯಾಸ ಕಾಣುವುದಿಲ್ಲ. ದೀರ್ಘ ಇರುವ ಕೀ, ಕೇ, ಕೋ, ಹಾಗೆಯೇ ಕೈ ಅಕ್ಷರಗಳಿಗೂ ಈ ಇಬ್ಬಗೆ ಇದೆ. ಎನ್‌ಎಫ್‌ಸಿ ಎಂಬ ಯೂನಿಕೋಡ್ ನಿಯಮದ ಪ್ರಕಾರ ಎಲ್ಲ ದಾಖಲೆಗಳನ್ನೂ ಒಮ್ಮೆ ಹಾಯಿಸಿದರೆ ಇವೆಲ್ಲ ಒಂದು ರೂಪಕ್ಕೆ ಬರುತ್ತವೆ. ಹೊಸ ದಾಖಲೆ ಸೇರಿಸುವ ದಾರಿಯಲ್ಲೂ ಇದನ್ನು ಇಡಿ, ಇಲ್ಲದಿದ್ದರೆ ಆರು ತಿಂಗಳಲ್ಲಿ ಮತ್ತೆ ಹಳೆಯ ಕಥೆ.

ನಾಲ್ಕನೆಯದು ಕಣ್ಣಿಗೆ ಕಾಣದ ಸಂಕೇತಗಳು. 'ರಾಜ್‌ಕುಮಾರ್' ಎಂದು ಬರೆಯುವಾಗ ಜ ಮತ್ತು ಕ ಕೂಡಿಕೊಳ್ಳದಂತೆ ನಡುವೆ ಒಂದು ಅದೃಶ್ಯ ಸಂಕೇತ ಕೂರುತ್ತದೆ. ಎನ್‌ಎಫ್‌ಸಿ ಇದನ್ನು ತೆಗೆಯುವುದಿಲ್ಲ. ತೋರಿಸುವ ರೂಪದಲ್ಲಿ ಅದು ಇರಲೇಬೇಕು. ಹುಡುಕಾಟದ ಸೂಚಿಯಲ್ಲಿ, ಅಂದರೆ ತಂತ್ರಾಂಶ ಹುಡುಕಲು ಒಳಗೆ ಕಟ್ಟಿಕೊಳ್ಳುವ ಪಟ್ಟಿಯಲ್ಲಿ, ಮಾತ್ರ ತೆಗೆದುಹಾಕಿ.

ಹಳಗನ್ನಡ ಗ್ರಂಥಗಳ ಶೀರ್ಷಿಕೆಯಲ್ಲಿ ಬರುವ ಱ, ೞ ಅಕ್ಷರಗಳಿಗೂ ಇದೇ ಉಪಾಯ. ದಾಖಲೆಯಲ್ಲಿ ಪುಸ್ತಕದಲ್ಲಿರುವ ಹಾಗೆಯೇ ಬರೆಯಿರಿ. ಸೂಚಿಯಲ್ಲಿ ಱ ಅನ್ನು ರ ಎಂದೂ ೞ ಅನ್ನು ಳ ಎಂದೂ ಓದಿಕೊಳ್ಳುವಂತೆ ಮಾಡಿ. ಬಿಎ ಓದುವ ಹುಡುಗಿ ಮೊಬೈಲ್‌ನಲ್ಲಿ ೞ ಹುಡುಕಿ ಟೈಪ್ ಮಾಡುತ್ತಾಳೆ ಎಂದು ನಿರೀಕ್ಷಿಸಬಾರದು, ಅಲ್ವಾ?

ಕೋಹಾ ಬಳಸುವವರಿಗೆ ಒಂದು ಮಾತು. ಅದರೊಳಗಿನ ಹುಡುಕು ಯಂತ್ರವಾದ ಝೆಬ್ರಾದ ಸೂಚಿಯನ್ನು ಐಸಿಯು ಎಂಬ ಯೂನಿಕೋಡ್ ವಿಧಾನದಲ್ಲಿ ಕಟ್ಟಿದ್ದಾರೆಯೇ ಎಂದು ನಿಮ್ಮ ತಾಂತ್ರಿಕ ಸಿಬ್ಬಂದಿಯನ್ನು ಕೇಳಿ. ರೋಮನ್ ಅಲ್ಲದ ಲಿಪಿಗಳಿಗೆ ಅದು ಬೇಕು. ಝೆಬ್ರಾದ ಬದಲು ಎಲಾಸ್ಟಿಕ್‌ಸರ್ಚ್ ಬಳಸುತ್ತಿದ್ದರೆ ಅದರ ಐಸಿಯು ಪ್ಲಗಿನ್ ಇರಬೇಕು. ಇದೊಂದು ಸರಿಯಿಲ್ಲದಿದ್ದರೆ ದಾಖಲೆ ಎಷ್ಟು ಚೆನ್ನಾಗಿದ್ದರೂ ಹುಡುಕಾಟ ಸೊರಗುತ್ತದೆ.

ರೋಮನ್ ಲಿಪ್ಯಂತರವನ್ನೂ ಇಲ್ಲೇ ತೀರ್ಮಾನಿಸಿ. ಹಳೆಯ ದಾಖಲೆಗಳಲ್ಲಿ ಕನ್ನಡ ಶೀರ್ಷಿಕೆ ರೋಮನ್‌ನಲ್ಲಿ ಮಾತ್ರ ಇರುತ್ತದೆ, ಅದೂ ಟೈಪ್ ಮಾಡಿದವರ ಮನಸ್ಸಿಗೆ ಬಂದಂತೆ. ಇನ್ನು ಮುಂದೆ 245ರಲ್ಲಿ ಕನ್ನಡವೇ ಇರಲಿ, ಲಿಪ್ಯಂತರ, ಅದೇ ವಿವರವನ್ನು ಇನ್ನೊಂದು ಲಿಪಿಯಲ್ಲಿ ಬರೆಯುವ 880 ಟ್ಯಾಗ್‌ನಲ್ಲಿ ಜೊತೆಯಾಗಿ ಇರಲಿ ಎನ್ನುವುದು ನನ್ನ ಮತ. ಲಿಪ್ಯಂತರಕ್ಕೆ ಐಎಸ್‌ಒ 15919 ಎಂಬ ಅಂತರರಾಷ್ಟ್ರೀಯ ಮಾನಕ ಅಥವಾ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ಕೋಷ್ಟಕ, ಎರಡರಲ್ಲಿ ಒಂದನ್ನು ಆರಿಸಿ. ಎರಡನ್ನೂ ಬೆರೆಸಬೇಡಿ. ಓದುಗರು ಚುಕ್ಕಿ, ಗೆರೆ ಹಾಕಿ ಹುಡುಕುವುದಿಲ್ಲ, ಹಾಗಾಗಿ ಸೂಚಿ ಅವನ್ನು ಕಡೆಗಣಿಸಲಿ.

ಹೆಜ್ಜೆ 4: ಹೆಸರುಗಳು

ಮೈಸೂರು ಕಡೆಯವರ ಹೆಸರಿನಲ್ಲಿ ಊರು, ತಂದೆಯ ಹೆಸರಿನ ಮೊದಲಕ್ಷರಗಳು ಮೊದಲಿಗೆ ಬರುತ್ತವೆ. ಧಾರವಾಡ ಕಡೆಯವರಿಗೆ ಅಡ್ಡಹೆಸರು ಕೊನೆಗೆ ಬರುತ್ತದೆ. ದ.ರಾ. ಬೇಂದ್ರೆಯವರನ್ನು 'ಬೇಂದ್ರೆ, ದ. ರಾ.' ಎಂದು ತಿರುಗಿಸಿ ಬರೆಯುವುದು ಸಹಜ. ಆದರೆ 'ಮಂಜುನಾಥ ಗೌಡ' ಎಂಬ ಹೆಸರನ್ನು 'ಗೌಡ, ಮಂಜುನಾಥ' ಎಂದು ಮಾಡಿದರೆ ಹಳೇ ಮೈಸೂರಿನವರು ಯಾರೂ ಹಾಗೆ ಹುಡುಕುವುದಿಲ್ಲ. ಅಡ್ಡಹೆಸರು ನಿಜವಾಗಿ ಮನೆತನದ ಹೆಸರಾಗಿದ್ದರೆ ಮಾತ್ರ ತಿರುಗಿಸಿ. ಅನುಮಾನ ಇದ್ದರೆ ಅವರು ಸಹಿ ಮಾಡುವ ಹಾಗೆಯೇ ಇಡಿ. ತಿರುಗಿಸಿದ ರೂಪವನ್ನು ಅಡ್ಡ ಉಲ್ಲೇಖವಾಗಿ ಸೇರಿಸಿದರೆ ಆಯಿತು.

ಈ ಅಡ್ಡ ಉಲ್ಲೇಖಗಳಿಗೆ ಹೆಸರಿನ ಅಥಾರಿಟಿ ದಾಖಲೆ ಬೇಕು, ಅಂದರೆ ಒಬ್ಬರ ಎಲ್ಲ ಹೆಸರುಗಳನ್ನೂ ಒಟ್ಟಿಗೆ ಹೇಳುವ ಪ್ರತ್ಯೇಕ ದಾಖಲೆ. ಅದರ 100 ಟ್ಯಾಗ್‌ನಲ್ಲಿ ನೀವು ಒಪ್ಪಿದ ರೂಪ: 'ಕುವೆಂಪು, 1904-1994'. 400 ಟ್ಯಾಗ್‌ಗಳಲ್ಲಿ ಉಳಿದ ಎಲ್ಲ ರೂಪಗಳು: 'ಪುಟ್ಟಪ್ಪ, ಕೆ. ವಿ.', 'ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ', ರೋಮನ್ ರೂಪಗಳು. ಓದುಗರು ಯಾವುದನ್ನು ಟೈಪ್ ಮಾಡಿದರೂ ಒಂದೇ ಕಡೆ ಬರಬೇಕು. ಕನ್ನಡದಲ್ಲಿ ಕಾವ್ಯನಾಮಗಳಿಗೆ ಬರವಿಲ್ಲ, ಹಾಗಾಗಿ ಈ ಕೆಲಸ ದೊಡ್ಡದು. ಬೇಂದ್ರೆ ಎಂದರೆ ಅಂಬಿಕಾತನಯದತ್ತ, ಆದ್ಯ ರಂಗಾಚಾರ್ಯ ಎಂದರೆ ಶ್ರೀರಂಗ, ಅನಸೂಯಾ ಶಂಕರ್ ಎಂದರೆ ತ್ರಿವೇಣಿ. ಮಾಸ್ತಿಯವರ 'ಶ್ರೀನಿವಾಸ' ಎಂಬ ಕಾವ್ಯನಾಮದಲ್ಲಿ ಮಾತ್ರ ಹುಷಾರು. ಬರೀ ಶ್ರೀನಿವಾಸ ಎಂದು 400ರಲ್ಲಿ ಹಾಕಿದರೆ ನಾಡಿನ ಶ್ರೀನಿವಾಸರೆಲ್ಲ ಮಾಸ್ತಿಯಾಗುತ್ತಾರೆ. ಹುಟ್ಟಿದ ವರ್ಷ ಜೊತೆಗಿರಲಿ.

ಕಾಗುಣಿತದ ಭೇದಗಳೂ ಇಲ್ಲೇ ಬರಬೇಕು. ಸಂಶೋಧಕ ಎಂ.ಎಂ. ಕಲಬುರ್ಗಿಯವರ ಹೆಸರನ್ನು ಕಲಬುರಗಿ ಎಂದೂ ಬರೆಯುತ್ತಾರೆ, ಎರಡೂ ಸಿಗಬೇಕು.

ಡಾ., ಪ್ರೊ., ಶ್ರೀ, ಪೂಜ್ಯ, ಮಹಾಸ್ವಾಮಿಗಳು. ಶೀರ್ಷಿಕೆ ಪುಟದಲ್ಲಿ ಇದ್ದರೆ 245ರ ಕರ್ತೃ ಹೇಳಿಕೆಯಲ್ಲಿ ಹಾಗೆಯೇ ಬರೆಯಿರಿ, 100ಕ್ಕೆ ತರಬೇಡಿ. ತಂದರೆ ಅರ್ಧ ವಿಶ್ವವಿದ್ಯಾಲಯ 'ಡ' ಅಕ್ಷರದ ಕೆಳಗೆ ಬಂದು ಕೂರುತ್ತದೆ. ಕೆಲವು ಮೇಷ್ಟ್ರುಗಳಿಗೆ ಬೇಜಾರಾಗಬಹುದು, ಏನೂ ಮಾಡುವಂತಿಲ್ಲ.

ವಚನಕಾರರ ಅಂಕಿತಗಳನ್ನು ಕರ್ತೃವಿನ ಜಾಗದಲ್ಲಿ ಹಾಕಿದ ದಾಖಲೆಗಳು ಸಿಕ್ಕರೆ ಅವನ್ನು ಟಿಪ್ಪಣಿಗೆ ಸಾಗಿಸಿ. ಕೂಡಲಸಂಗಮದೇವ ಲೇಖಕರಲ್ಲ.

ಎಷ್ಟು ಹೆಸರು ಮಾಡಬೇಕು? ಎಲ್ಲವನ್ನೂ ಅಲ್ಲ. ಯಾರ ಹೆಸರಿನಲ್ಲಿ ಅತಿ ಹೆಚ್ಚು ದಾಖಲೆಗಳಿವೆ ಎಂದು ಎಣಿಸಿ, ಮೇಲಿನ 500 ಹೆಸರುಗಳಿಂದ ಶುರು ಮಾಡಿ. ಹುಡುಕಾಟದ ದೊಡ್ಡ ಪಾಲು ಅಲ್ಲೇ ಇರುತ್ತದೆ. ಪ್ರತಿ ಹೆಸರಿಗೂ ಲೇಖಕರ ಹೆಸರುಗಳ ಅಂತರರಾಷ್ಟ್ರೀಯ ಪಟ್ಟಿಯಾದ ವಿಯಾಫ್‌ನ ಅಥವಾ ವಿಕಿಪೀಡಿಯಾದ ಬಳಗದ ಮಾಹಿತಿಕೋಶ ವಿಕಿಡೇಟಾದ ನಂಬರ್ ಸಿಕ್ಕರೆ 024 ಟ್ಯಾಗ್‌ನಲ್ಲಿ ಬರೆದಿಡಿ. ಈಗ ಕೆಲಸದಲ್ಲಿರುವ ಅಧ್ಯಾಪಕರಿಂದ ಆರ್ಕಿಡ್ ಎಂಬ ಸಂಶೋಧಕರ ಗುರುತಿನ ನಂಬರ್ ಕೇಳಿ ಪಡೆಯಿರಿ.

ಓಪನ್‌ರಿಫೈನ್‌ನ ಗುಂಪು ಮಾಡುವ ಸೌಲಭ್ಯ ಇಲ್ಲಿ ಸಹಾಯಕ್ಕೆ ಬರುತ್ತದೆ. ಆದರೆ ಅದರ ಉಚ್ಚಾರಣೆ ಆಧಾರಿತ ವಿಧಾನಗಳು ಯುರೋಪಿನ ಭಾಷೆಗಳಿಗೆ ಹೊಂದಿಸಿದವು. ಕನ್ನಡ ಲಿಪಿಗೆ ಅಕ್ಷರ ವ್ಯತ್ಯಾಸ ಎಣಿಸುವ ವಿಧಾನ ಬಳಸಿ, ಅದು ಕೊಟ್ಟ ಪ್ರತಿ ಗುಂಪನ್ನೂ ಕಣ್ಣಿಂದ ನೋಡಿಯೇ ಒಪ್ಪಿ. 'ರಮಾ' ಮತ್ತು 'ರಾಮ' ಅದರ ಲೆಕ್ಕದಲ್ಲಿ ತೀರಾ ಹತ್ತಿರ.

ಹೆಜ್ಜೆ 5: ವರ್ಷ, ಊರು, ಭಾಷೆ

ಹಳೆಯ ಪುಸ್ತಕಗಳಲ್ಲಿ ಶಾಲಿವಾಹನ ಶಕ ಇರುತ್ತದೆ. ಅದಕ್ಕೆ 78 ಸೇರಿಸಿದರೆ ಇಸವಿ, ಜನವರಿಯಿಂದ ಯುಗಾದಿಯವರೆಗಿನ ತಿಂಗಳುಗಳಿಗೆ 79. ತಿಂಗಳು ಗೊತ್ತಿಲ್ಲದಿದ್ದರೆ ಶಕ 1832 ಎನ್ನುವುದನ್ನು ಹಾಗೆಯೇ ಬರೆದು, ಚೌಕ ಕಂಸದಲ್ಲಿ 1910 ಅಥವಾ 1911 ಎಂದು ಸೇರಿಸಿ. ಸಂವತ್ಸರ ಮಾತ್ರ ಇದ್ದರೆ ಊಹೆ ಮಾಡಬೇಡಿ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಸಾಧಾರಣ ಸಂವತ್ಸರ 1910-11ರಲ್ಲೂ ಇತ್ತು, 1970-71ರಲ್ಲೂ ಇತ್ತು. ಕಾಗದ, ಅಚ್ಚುಕೂಟ, ಬೆಲೆ ನೋಡಿ ತೀರ್ಮಾನಕ್ಕೆ ಬಂದರೆ ಹೇಗೆ ಬಂದಿರಿ ಎಂದು ಟಿಪ್ಪಣಿ ಬರೆಯಿರಿ. ಕನ್ನಡ ಅಂಕಿಯ ವರ್ಷಗಳನ್ನು ತೋರಿಸುವಾಗ ಹಾಗೆಯೇ ಬಿಡಬಹುದು. ಕಂಪ್ಯೂಟರ್ ಓದುವ 008 ಟ್ಯಾಗ್‌ನಲ್ಲಿ ಮಾತ್ರ 1934 ಎಂಬ ರೂಪವೇ ಬೇಕು. ವಿಂಗಡಣೆ ನಡೆಯುವುದು ಅದರಿಂದ.

ಪ್ರಕಟಣೆಯ ಊರನ್ನು ಪುಸ್ತಕದಲ್ಲಿರುವಂತೆ ಬರೆಯಿರಿ. ಗುಲ್ಬರ್ಗಾ ಎಂದಿದ್ದರೆ ಗುಲ್ಬರ್ಗಾ. 2014ರ ನವೆಂಬರ್ 1ರಂದು ಹೆಸರು ಬದಲಾಯಿತೆಂದು 1980ರ ಪುಸ್ತಕದ ವಿವರ ತಿದ್ದಬಾರದು. ಎರಡೂ ಹೆಸರಿನಿಂದ ಸಿಗಬೇಕೆಂದರೆ 752 ಟ್ಯಾಗ್‌ನಲ್ಲಿ ಕಲಬುರಗಿ ಎಂಬ ಏಕರೂಪ ಸೇರಿಸಿ. ಸರ್ಕಾರಿ ಪ್ರಕಟಣೆಗಳಲ್ಲೂ ಇದೇ ನ್ಯಾಯ. 1973ಕ್ಕೆ ಮುಂಚಿನವು ಮೈಸೂರು ರಾಜ್ಯದ ಇಲಾಖೆಗಳ ಹೆಸರಿನಲ್ಲೇ ಇರಲಿ, ಕರ್ನಾಟಕದ ಹೆಸರಿಗೆ ಕೊಂಡಿ ಹಾಕಿ.

ಭಾಷೆಯ ಸಂಕೇತದಲ್ಲಿ ಕರಾವಳಿ, ಕೊಡಗಿನ ಸಂಗ್ರಹ ಇರುವವರು ಗಮನಿಸಬೇಕಾದ ಒಂದು ವಿಷಯ ಇದೆ. ಮಾರ್ಕ್‌ನ ಸ್ವಂತ ಭಾಷಾ ಪಟ್ಟಿಯಲ್ಲಿ ತುಳುವಿಗಾಗಲಿ ಕೊಡವಕ್ಕಾಗಲಿ ಪ್ರತ್ಯೇಕ ಸಂಕೇತ ಇಲ್ಲ. ಎರಡೂ 'ಇತರ ದ್ರಾವಿಡ' ಎಂಬ ಗುಂಪಿಗೆ ಹೋಗುತ್ತವೆ. ಆದರೆ ಭಾಷೆಯ 041 ಟ್ಯಾಗ್‌ನ ಎರಡನೇ ಸೂಚಕವನ್ನು (ಟ್ಯಾಗ್ ಪಕ್ಕದ ಅಂಕಿ) 7 ಮಾಡಿ ಐಎಸ್‌ಒ 639-3 ಎಂಬ ಅಂತರರಾಷ್ಟ್ರೀಯ ಭಾಷಾ ಪಟ್ಟಿಯ ಸಂಕೇತ ಬಳಸಬಹುದು. ಅಲ್ಲಿ ತುಳುವಿಗೆ 'ಟಿಸಿವೈ', ಕೊಡವಕ್ಕೆ 'ಕೆಎಫ್‌ಎ' ಇವೆ. ಇದನ್ನು ಮಾಡದಿದ್ದರೆ ತುಳು ಪುಸ್ತಕಗಳನ್ನು ಬೇರೆಯಾಗಿ ತೋರಿಸು ಎಂದರೆ ಕ್ಯಾಟಲಾಗ್‌ಗೆ ಆಗುವುದೇ ಇಲ್ಲ.

ಹೆಜ್ಜೆ 6: ಓಲೆಗರಿ ಮತ್ತು ಹಸ್ತಪ್ರತಿ

ಭಾಷೆ ಬೇರೆ, ಲಿಪಿ ಬೇರೆ ಎಂದು ಎರಡು ಅಂಕಣ ಇಟ್ಟದ್ದಕ್ಕೆ ಕಾರಣ ಇಲ್ಲಿದೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ 1905ರಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿ ಸಂಸ್ಕೃತ ಭಾಷೆಯದು, 'ಗ್ರಂಥ' ಎಂಬ ಲಿಪಿಯದು. ಸಂಸ್ಕೃತ ಎಂದರೆ ದೇವನಾಗರಿ ಎಂದು ಸಾಫ್ಟ್‌ವೇರ್ ತಾನೇ ತುಂಬಿಕೊಂಡರೆ ಅಂಥ ಗರಿಯ ಲಿಪಿ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಸಂಸ್ಕೃತ ಕನ್ನಡ ಲಿಪಿಯಲ್ಲಿ, ನಂದಿನಾಗರಿಯಲ್ಲಿ, ತಿಗಳಾರಿಯಲ್ಲಿ ಸಿಗುತ್ತದೆ. ಓದಬಲ್ಲವರು ಹುಡುಕುವುದೇ ಲಿಪಿಯಿಂದ.

ಇನ್ನೊಂದು ತೊಡಕು ಕಟ್ಟುಗಳದ್ದು. ಒಂದು ಕಟ್ಟಿನಲ್ಲಿ ನಾಲ್ಕೈದು ಕೃತಿಗಳಿರುತ್ತವೆ, ಒಂದು ಪೂರ್ತಿ, ಒಂದು ಅರ್ಧ, ಒಂದರ ಮೊದಲ ಗರಿಯೇ ಇಲ್ಲ. ಕಟ್ಟಿಗೊಂದು ದಾಖಲೆ ಮಾಡಿ, ಒಳಗಿನ ಪ್ರತಿ ಕೃತಿಗೂ ಒಂದೊಂದು ದಾಖಲೆ ಮಾಡಿ, 773 ಟ್ಯಾಗ್‌ನಿಂದ ಕಟ್ಟಿಗೆ ಕೊಂಡಿ ಹಾಕಿ. ಕೃತಿಯ ಹೆಸರು ಗರಿಯಲ್ಲಿ ಇಲ್ಲದೆ ನೀವೇ ಕೊಟ್ಟಿದ್ದರೆ ಚೌಕ ಕಂಸ ಕಡ್ಡಾಯ. ಗರಿಗಳ ಸಂಖ್ಯೆ, ಅಳತೆ, ಪುಟಕ್ಕೆ ಎಷ್ಟು ಸಾಲು, ಲಿಪಿಕಾರ, ಆದಿ, ಅಂತ್ಯ, ಸ್ಥಿತಿ ಎಲ್ಲವೂ ಹಸ್ತಪ್ರತಿ ವಿಭಾಗದ ತನ್ನದೇ ಪಟ್ಟಿಯಲ್ಲಿ ಪೂರ್ತಿ ಇರಲಿ. ಸಾಮಾನ್ಯ ಕ್ಯಾಟಲಾಗ್‌ಗೆ ಎಂಟು ಅಂಶ ಮಾತ್ರ ಬರಲಿ.

ಹೆಜ್ಜೆ 7: ಪ್ರಬಂಧ, ಇ-ಜರ್ನಲ್

ಯುಜಿಸಿಯ 2009ರ ನಿಯಮದ ನಂತರ ಪ್ರಬಂಧಗಳು ದೇಶದ ಆನ್‌ಲೈನ್ ಪ್ರಬಂಧ ಭಂಡಾರವಾದ ಶೋಧಗಂಗಾಕ್ಕೂ ಹೋಗುತ್ತವೆ. ಅಲ್ಲಿಗೊಂದು ರೀತಿ, ನಿಮ್ಮ ಡಿಸ್ಪೇಸ್‌ಗೊಂದು ರೀತಿ ಎರಡು ಸಲ ತುಂಬಿಸಬೇಡಿ, ಒಂದೇ ನಮೂನೆ ಮಾಡಿ. ಗೈಡ್ ಹೆಸರನ್ನು ಕರ್ತೃ ಜಾಗದಲ್ಲಿ ಹಾಕಬಾರದು. ಪ್ರಬಂಧ ಕನ್ನಡದಲ್ಲಿದ್ದರೆ ಶೀರ್ಷಿಕೆ ಕನ್ನಡದಲ್ಲೇ ಇರಬೇಕು. ಇಂಗ್ಲಿಷ್ ಅನುವಾದ ಎರಡನೇ ಶೀರ್ಷಿಕೆ.

ಇ-ಜರ್ನಲ್‌ಗಳನ್ನು ಒಂದೊಂದಾಗಿ ಕೋಹಾಕ್ಕೆ ಸೇರಿಸಲು ಹೋಗಬೇಡಿ. ಚಂದಾ ಬದಲಾದ ಕೂಡಲೇ ನೂರಾರು ಸತ್ತ ಕೊಂಡಿಗಳು ಉಳಿಯುತ್ತವೆ. ಪ್ರಕಾಶಕರಿಂದ, ಇಂಥ ಪಟ್ಟಿಗಳಿಗೆಂದೇ ಇರುವ ಕೆಬಾರ್ಟ್ ರೂಪದ ಪಟ್ಟಿ ಕೇಳಿ ಪಡೆಯಿರಿ, ಹಳೆಯದನ್ನು ತೆಗೆದು ಹೊಸದನ್ನು ಇಡುತ್ತಾ ಹೋಗಿ.

ಹೆಜ್ಜೆ 8: ಒಂದು ಕಡೆ ತೋರಿಸುವುದು

ಕೋಹಾ, ಡಿಸ್ಪೇಸ್ ಎರಡಕ್ಕೂ ಒಎಐ-ಪಿಎಂಎಚ್ ಎಂಬ ಸೌಲಭ್ಯ ಇದೆ. ಅದರ ಮೂಲಕ ದಾಖಲೆಗಳನ್ನು ತಾನೇ ಎಳೆದುಕೊಂಡು ಒಂದೇ ಹುಡುಕು ಪೆಟ್ಟಿಗೆಯಲ್ಲಿ ತೋರಿಸುವ ವೂಫೈಂಡ್‌ನಂಥ ಉಚಿತ ತಂತ್ರಾಂಶಗಳಿವೆ. ಓಲೆಗರಿ, ಫೋಟೋಗಳ ಎಕ್ಸೆಲ್ ಪಟ್ಟಿಯನ್ನು ಡಿಸ್ಪೇಸ್‌ನಲ್ಲಿ ಬೇರೆ ಸಂಗ್ರಹವಾಗಿ ಇಟ್ಟರೆ ಅವೂ ಇದೇ ದಾರಿಯಲ್ಲಿ ಬರುತ್ತವೆ.

ಒಂದು ನಿಯಮ ಗೋಡೆಗೆ ಅಂಟಿಸಿ: ಒಟ್ಟುಗೂಡಿಸಿದ ಜಾಗದಲ್ಲಿ ಯಾರೂ ತಿದ್ದಬಾರದು. ತಪ್ಪು ಕಂಡರೆ ಮೂಲದಲ್ಲಿ ತಿದ್ದಬೇಕು, ಅದು ರಾತ್ರಿ ತಾನೇ ಮೇಲೆ ಬರುತ್ತದೆ. ಮೇಲೆ ತಿದ್ದಿದ್ದು ಮುಂದಿನ ಎಳೆತದಲ್ಲಿ ಅಳಿಸಿಹೋಗುತ್ತದೆ.

ಇದಕ್ಕೆಲ್ಲ ಒಬ್ಬರು ಯಜಮಾನರು ಬೇಕು. ಸಮಿತಿ ಇರಲಿ, ಆದರೆ ಹೆಸರಿನ ರೂಪ ಯಾವುದು ಎಂದು ಅಂತಿಮವಾಗಿ ಹೇಳುವವರು ಒಬ್ಬರೇ ಇರಲಿ. ಅವರು ಹೇಳಿದ್ದನ್ನು ದಿನಾಂಕ ಸಮೇತ ಒಂದು ಕಡತದಲ್ಲಿ ಬರೆದಿಡಿ. ತಾತ್ಕಾಲಿಕ ಸಿಬ್ಬಂದಿ ವರ್ಷ ವರ್ಷ ಬದಲಾಗುವ ನಮ್ಮ ಕಡೆ ಈ ಕಡತವೇ ಆಧಾರ.

ಹೆಜ್ಜೆ 9: ಏನೂ ಸಿಗದ ಹುಡುಕಾಟಗಳನ್ನು ಓದಿ

ತಿಂಗಳಿಗೊಮ್ಮೆ ಫಲಿತಾಂಶ ಸೊನ್ನೆ ಬಂದ ಹುಡುಕಾಟಗಳ ಪಟ್ಟಿ ತೆಗೆಯಿರಿ. ಯಾರು ಹುಡುಕಿದರು ಎಂಬುದು ಬೇಡ, ಏನು ಹುಡುಕಿದರು ಎಂಬುದಷ್ಟೇ ಸಾಕು. ಪಟ್ಟಿಯನ್ನು ಮೂರು ಭಾಗ ಮಾಡಿ. ಪುಸ್ತಕವೇ ಇಲ್ಲದವು ಖರೀದಿ ವಿಭಾಗಕ್ಕೆ. ಪುಸ್ತಕ ಇದ್ದೂ ಹೆಸರಿನ ರೂಪ ಬೇರೆ ಆಗಿದ್ದವು ಅಥಾರಿಟಿ ದಾಖಲೆಯ 400 ಟ್ಯಾಗ್‌ಗೆ. ಅಕ್ಷರದ ತೊಂದರೆಯವು ಸೂಚಿ ನೋಡಿಕೊಳ್ಳುವವರಿಗೆ.

ಕಂಪ್ಯೂಟರ್ ಮುಟ್ಟದೆ ನೇರ ಕೌಂಟರಿಗೆ ಬಂದು ಕೇಳುವವರ ಮಾತು ಆ ಪಟ್ಟಿಯಲ್ಲಿ ಇರುವುದಿಲ್ಲ. ಅಲ್ಲಿ ಕೂರುವವರಿಗೆ ಒಂದು ನೋಟ್‌ಬುಕ್ ಕೊಟ್ಟು, ಓದುಗರು ಬಾಯಲ್ಲಿ ಹೇಳಿದ ಹೆಸರನ್ನು ಹೇಳಿದ ಹಾಗೆಯೇ ಬರೆದುಕೊಳ್ಳಲು ಹೇಳಿ. ಅದನ್ನೂ ತಿಂಗಳ ಪಟ್ಟಿಯ ಜೊತೆಯಲ್ಲೇ ನೋಡಿ.